ಹಳೇ ಪ್ಯಾಕೇಜ್ ತೆಗೆಯುವ ಮೊದಲು, ಅದು ಯಾಕೆ ಬಂತು ಅಂತ ಕೇಳಿ

ಪ್ರಶ್ನೆ: ಸರ್, ನಮಸ್ಕಾರ. ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಮಾಡುತ್ತೇವೆ. 2020ರಲ್ಲಿ ಡಿಸೈನ್ ಕಂಪ್ಯೂಟರ್‌ಗೆ ಉಬುಂಟು ಲಿನಕ್ಸ್ 20.04 ಹಾಕಿಸಿದೆವು. ಆಮೇಲೆ ಅದನ್ನೇ 22.04ಕ್ಕೆ, ಅಲ್ಲಿಂದ 24.04ಕ್ಕೆ ಏರಿಸಿದೆವು. ಈಗ ಅಪ್‌ಡೇಟ್ ಕೊಟ್ಟರೆ ‘ಬೂಟ್’ನಲ್ಲಿ ಜಾಗ ಇಲ್ಲ ಅನ್ನುತ್ತದೆ. 120 ಜಿಬಿಯ ಎಸ್‌ಎಸ್‌ಡಿ ಕೂಡ ತುಂಬುತ್ತಾ ಬಂದಿದೆ. ಒಳಗೆ ಹಳೇ ಪ್ಯಾಕೇಜ್‌ಗಳು ಬಹಳ ಉಳಿದಿವೆ ಅನಿಸುತ್ತದೆ. ನಮ್ಮಲ್ಲಿ ಕೆಲಸ ಮಾಡುವ ಹುಡುಗ, ಫೋಲ್ಡರ್‌ಗೆ ಹೋಗಿ ಹಳೇ ಫೈಲ್ ಡಿಲೀಟ್ ಮಾಡಿದರಾಯ್ತು ಅನ್ನುತ್ತಾನೆ. ರಿಪೇರಿ ಮಾಡುವವರು ಫಾರ್ಮ್ಯಾಟ್ ಮಾಡಿಬಿಡಿ ಅನ್ನುತ್ತಾರೆ. ನನಗೆ ಹೆದರಿಕೆ ಇರುವುದು ಕನ್ನಡ ಫಾಂಟ್ ಮತ್ತು ಪ್ರಿಂಟರ್ ಬಗ್ಗೆ. ಅವೆರಡು ನಿಂತರೆ ಅಂಗಡಿ ನಿಂತ ಹಾಗೆ. ಏನು ಮಾಡಲಿ?

ಉತ್ತರ: ಫಾರ್ಮ್ಯಾಟ್ ಬೇಡ. ಹುಡುಗನಿಗೂ ಡಿಲೀಟ್ ಮಾಡಲು ಬಿಡಬೇಡಿ. ನಿಮ್ಮ ಕಂಪ್ಯೂಟರ್‌ಗೆ ದೊಡ್ಡ ರೋಗವೇನೂ ಬಂದಿಲ್ಲ. ಎರಡು ಸಲ ಏರಿಸಿದ ಮನೆಯಲ್ಲಿ ಹಳೇ ಸಾಮಾನು ಉಳಿದಿದೆ, ಅಷ್ಟೇ. ಒಂದು ಸಂಜೆ ಕೂತರೆ ಮುಗಿಯುವ ಕೆಲಸ. ಆದರೆ ಓದಿಕೊಂಡು ಮಾಡಬೇಕು. ಅವಸರದಲ್ಲಿ ‘ವೈ’ (ಹೌದು) ಒತ್ತಿದವರಿಗೇ ತೊಂದರೆ ಆಗುವುದು.

ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಕೊಡುವ ಕಿಟಕಿಯಲ್ಲಿ, ಇಂಗ್ಲಿಷಿನ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ‘ಹೈಫನ್’ ಅಂದಲ್ಲಿ ಅಡ್ಡಗೆರೆ ಹಾಕಿ. ಸಿಸ್ಟಮ್ ಬದಲಿಸುವ ಕಮಾಂಡ್‌ಗಳ ಮುಂದೆ ‘ಸುಡೋ’ ಬೇಕು. ಬರೀ ನೋಡುವ ಕಮಾಂಡ್‌ಗಳಿಗೆ ಬೇಡ.

ಕೈಯಿಂದ ಡಿಲೀಟ್ ಮಾಡಬಾರದು ಅಂತ ಯಾಕೆ ಹೇಳಿದೆ? ಪ್ರೆಸ್ಸಿನಲ್ಲಿ ಕಾಗದದ ಸ್ಟಾಕ್ ಪುಸ್ತಕ ಇರುತ್ತದೆ ಅಲ್ವಾ? ಯಾರೋ ಹತ್ತು ರೀಮು ಕಾಗದ ಒಯ್ದು ಪುಸ್ತಕದಲ್ಲಿ ಬರೆಯದೇ ಹೋದರು ಅಂದುಕೊಳ್ಳಿ. ಪುಸ್ತಕ ಮಾತ್ರ ‘ಇದೆ’ ಅಂತಲೇ ಹೇಳುತ್ತಿರುತ್ತದೆ. ನೀವು ಅದನ್ನು ನಂಬಿ ಆರ್ಡರ್ ತಗೊಳ್ಳುತ್ತೀರಿ. ಉಬುಂಟುವಿನಲ್ಲೂ ಅಂಥ ಪುಸ್ತಕ ಒಂದಿದೆ. ಅದನ್ನು ಬರೆಯುವುದು ‘ಡಿಪಿಕೆಜಿ’ ಅನ್ನುವ ಪ್ರೋಗ್ರಾಮ್. ಯಾವ ಪ್ಯಾಕೇಜ್ (ಒಂದು ಪ್ರೋಗ್ರಾಮ್ ಅಥವಾ ಅದಕ್ಕೆ ಬೇಕಾದ ಫೈಲ್‌ಗಳ ಗಂಟು) ಬಂದಿದೆ, ಯಾವ ಫೈಲ್ ಎಲ್ಲಿಟ್ಟಿದೆ, ಎಲ್ಲ ಅದರ ಲೆಕ್ಕದಲ್ಲಿ ಇರುತ್ತದೆ. ಉಬುಂಟು ಇದನ್ನು ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್‌ನಿಂದ ಪಡೆಯಿತು. ಡೆಬಿಯನ್ ಶುರುವಾಗಿದ್ದು 1993ರಲ್ಲಿ. ಅಷ್ಟು ಕಾಲದಿಂದ ಪಳಗಿದ ಲೆಕ್ಕ ಅದು. ಹುಡುಗ ಫೋಲ್ಡರ್‌ಗೆ ಹೋಗಿ ಫೈಲ್ ಅಳಿಸಿದರೆ ಲೆಕ್ಕ ಮತ್ತು ಗೋದಾಮು ಬೇರೆ ಬೇರೆ ಆಗುತ್ತವೆ. ಮುಂದಿನ ಅಪ್‌ಡೇಟ್ ಆ ಲೆಕ್ಕ ನಂಬಿ ಹೋಗಿ ಮುಗ್ಗರಿಸುತ್ತದೆ. ಅದಕ್ಕೆ ತೆಗೆಯುವುದನ್ನೆಲ್ಲ ಪ್ಯಾಕೇಜ್ ಹಾಕುವ, ತೆಗೆಯುವ ‘ಆಪ್ಟ್’ (ಎ-ಪಿ-ಟಿ) ಮೂಲಕ, ಅದು ಕೈಕೊಟ್ಟರೆ ‘ಡಿಪಿಕೆಜಿ’ ಮೂಲಕವೇ ತೆಗೆಯಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ‘ಹಳೇ ಪ್ಯಾಕೇಜ್ ತೆಗೆಯಬೇಕು’ ಅಂತ ಬಹಳ ಜನ ಬರೆಯುತ್ತಾರೆ. ಆದರೆ ಪ್ಯಾಕೇಜ್ ಹಳೇದೋ ಹೊಸದೋ ಅನ್ನುವುದು ಮೊದಲ ಪ್ರಶ್ನೆಯಲ್ಲ. ಅದನ್ನು ಯಾರು ಕರೆದರು ಅನ್ನುವುದೇ ಮೊದಲ ಪ್ರಶ್ನೆ.

ನಮ್ಮ ಕಡೆ ಲಗ್ನಕ್ಕೆ ಬರುವವರಲ್ಲಿ ಎರಡು ಥರ. ಕೆಲವರಿಗೆ ನೀವೇ ಹೋಗಿ ಪತ್ರಿಕೆ ಕೊಟ್ಟು ಕರೆದಿರುತ್ತೀರಿ. ಇನ್ನು ಕೆಲವರು ಅವರ ಜೊತೆಗೆ ಬಂದಿರುತ್ತಾರೆ. ಬೀಗರು ಹೊರಟರೆ ಅವರ ಜೊತೆ ಬಂದವರೂ ಹೊರಡುತ್ತಾರೆ. ಕರೆದು ಬಂದವರು ನೀವು ಬೀಳ್ಕೊಡುವ ತನಕ ಇರುತ್ತಾರೆ. ಆಪ್ಟ್ ಕೂಡ ಪ್ರತಿ ಪ್ಯಾಕೇಜಿಗೆ ಹೀಗೇ ಗುರುತು ಹಾಕಿರುತ್ತದೆ. ನೀವೇ ಹೆಸರು ಹೇಳಿ ಹಾಕಿಸಿದ್ದಕ್ಕೆ ‘ಮ್ಯಾನುಯಲ್’. ಇನ್ನೊಂದರ ಅವಲಂಬನೆಯಾಗಿ ಬಂದದ್ದಕ್ಕೆ ‘ಆಟೋ’. ಆಟೋ ಗುರುತಿನ ಪ್ಯಾಕೇಜ್ ಈಗ ಯಾರಿಗೂ ಬೇಡವಾಗಿದ್ದರೆ, ‘ಆಪ್ಟ್ ಆಟೋರಿಮೂವ್’ ಕಮಾಂಡ್ ಅದನ್ನು ಕಳಿಸಿಕೊಡುತ್ತದೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. ಯಾಕೆಂದರೆ ಈ ಕೆಲಸದಲ್ಲಿ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಈ ಗುರುತು ತಪ್ಪಾಗಿರುವುದರಿಂದಲೇ ಆಗುತ್ತವೆ. ನಿಮಗೆ ಬೇಕಾದದ್ದರ ಮೇಲೆ ಆಟೋ ಇರುತ್ತದೆ. ಬೇಡವಾದದ್ದರ ಮೇಲೆ ಮ್ಯಾನುಯಲ್ ಇರುತ್ತದೆ.

ಇದನ್ನು ನಾನು ಕಲಿತದ್ದು ಹಾವೇರಿಯಲ್ಲಿ, ಏಳೆಂಟು ವರ್ಷದ ಹಿಂದೆ. ಪರಿಚಯದವರ ಡಿಟಿಪಿ ಅಂಗಡಿ. ಲಿಬ್ರೆಆಫೀಸಿನ ಫಾಂಟ್ ಪಟ್ಟಿ ಉದ್ದ ಆಗಿದೆ, ಬಂಗಾಳಿ, ಗುರುಮುಖಿ, ಮಲಯಾಳಂ ಎಲ್ಲ ಯಾಕೆ ಬೇಕು ಅಂದರು. ಸರಿ ಅಂತ ನಾನು ಗುರುಮುಖಿಯಿಂದ ಶುರು ಮಾಡಿದೆ. ಉಬುಂಟುವಿನಲ್ಲಿ ‘ಫಾಂಟ್ಸ್-ಇಂಡಿಕ್’ ಅನ್ನುವ ಒಂದು ಪ್ಯಾಕೇಜ್ ಇದೆ. ಅದರಲ್ಲಿ ಅಕ್ಷರ ಏನೂ ಇಲ್ಲ. ಭಾರತದ ಭಾಷೆಗಳ ಫಾಂಟ್ ಪ್ಯಾಕೇಜುಗಳನ್ನೆಲ್ಲ ಒಟ್ಟಿಗೆ ಕರೆದುಕೊಂಡು ಬರುವುದಷ್ಟೇ ಅದರ ಕೆಲಸ. ಗುರುಮುಖಿ ತೆಗೆದ ಕೂಡಲೇ ಆ ಕರೆದುಕೊಂಡು ಬಂದ ಪ್ಯಾಕೇಜೂ ಹೋಯಿತು. ಒಂದು ಅವಲಂಬನೆ ಇಲ್ಲದಿದ್ದರೂ ಅದು ನಿಲ್ಲುವುದಿಲ್ಲ. ತೆರೆಯ ಮೇಲೆ ಆಪ್ಟ್ ಅದನ್ನು ಬರೆದು ತೋರಿಸಿತ್ತು. ನಾನು ಓದಲಿಲ್ಲ. ಆಮೇಲೆ ಆಟೋರಿಮೂವ್ ಕೊಟ್ಟೆ. ‘ಫಾಂಟ್ಸ್-ಕೆಎನ್‌ಡಿಎ’ ಅನ್ನುವ ಕನ್ನಡ ಪ್ಯಾಕೇಜಿಗೂ ಆಟೋ ಗುರುತೇ ಇತ್ತು. ಕರೆದವರು ಹೋದ ಮೇಲೆ ಅದೂ ಹೊರಟಿತು. ಅದರ ಹಿಂದೆ ಲೋಹಿತ್, ನವಿಲು, ಗುಬ್ಬಿ ಮೂರೂ ಹೊರಟವು.

ಮರುದಿನ ಬೆಳಿಗ್ಗೆ ಫೋನ್ ಬಂತು. “ಏನ್ರೀ ಸರ್, ಅಕ್ಷರ ಎಲ್ಲಾ ಡಬ್ಬಿ ಡಬ್ಬಿ ಆಗ್ಯಾವು!” ಅವತ್ತು ಒಂದು ಗೃಹಪ್ರವೇಶದ ಕಾರ್ಡು ಕೊಡುವುದಿತ್ತು. ನಾನು ಹುಬ್ಬಳ್ಳಿಯಲ್ಲಿದ್ದೆ. ಫೋನಿನಲ್ಲೇ ಒಂದೊಂದು ಅಕ್ಷರ ಹೇಳಿ ಪ್ಯಾಕೇಜ್ ವಾಪಸ್ ಹಾಕಿಸಿದೆ. ಹತ್ತು ನಿಮಿಷದಲ್ಲಿ ಸರಿಹೋಯಿತು. ಆದರೆ ಆ ಹತ್ತು ನಿಮಿಷ ಅಂಗಡಿಯವರ ದನಿಯಲ್ಲಿದ್ದ ಗಾಬರಿ ನನಗೆ ಇನ್ನೂ ನೆನಪಿದೆ. ನೀವು ಫಾಂಟ್ ಬಗ್ಗೆ ಹೆದರಿಕೆ ಅಂತ ಬರೆದಿರಿ. ಆ ಹೆದರಿಕೆ ಸರಿಯಾಗಿಯೇ ಇದೆ.

ಅದಕ್ಕೇ ನಿಮ್ಮ ಮೊದಲ ಕೆಲಸ ಯಾವುದನ್ನೂ ತೆಗೆಯುವುದಲ್ಲ. ಬೇಕಾದವರಿಗೆ ಪತ್ರಿಕೆ ಕೊಡುವುದು. ‘ಸುಡೋ ಆಪ್ಟ್-ಮಾರ್ಕ್ ಮ್ಯಾನುಯಲ್ ಫಾಂಟ್ಸ್-ಕೆಎನ್‌ಡಿಎ’ ಅಂತ ಕೊಡಿ. ಕನ್ನಡ ಟೈಪ್ ಮಾಡಿಸುವ ಐಬಸ್ ಮೂಲಕ ಕಗಪ ಅಥವಾ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಳಸುತ್ತಿದ್ದರೆ, ಅದೇ ಕಮಾಂಡಿನಲ್ಲಿ ‘ಐಬಸ್-ಎಂ17ಎನ್’ ಕೂಡ ಸೇರಿಸಿ. ನೀವು ದಿನಾ ತೆರೆಯುವ ಪ್ರೋಗ್ರಾಮ್‌ಗಳಿಗೂ ಹೀಗೇ ಮಾಡಿ. ಇಂಕ್‌ಸ್ಕೇಪ್, ಸ್ಕ್ರೈಬಸ್, ಗಿಂಪ್, ಯಾವುದಿದೆಯೋ ಅದು. ಸ್ನ್ಯಾಪ್ (ಆಪ್ಟ್‌ನ ಲೆಕ್ಕಕ್ಕೆ ಬಾರದ ಇನ್ನೊಂದು ಥರದ ಪ್ಯಾಕೇಜ್) ಆಗಿ ಹಾಕಿದ್ದಕ್ಕೆ ಈ ಗುರುತು ಬೇಕಿಲ್ಲ. ಆಗಲೇ ಮ್ಯಾನುಯಲ್ ಇದ್ದರೆ ಏನೂ ಕೆಡುವುದಿಲ್ಲ. ಹಾಗೇ ಹೇಳಿ ಸುಮ್ಮನಾಗುತ್ತದೆ.

ನುಡಿ, ಬರಹದ ಹಳೇ ಫಾಂಟ್‌ಗಳನ್ನು ನೀವೇ ತಂದು ಹೋಮ್ ಫೋಲ್ಡರಿನೊಳಗೆ ಹಾಕಿಕೊಂಡಿದ್ದರೆ, ಅವುಗಳ ಬಗ್ಗೆ ಚಿಂತೆ ಬೇಡ. ಆಪ್ಟ್‌ಗೆ ತನ್ನ ಲೆಕ್ಕದಲ್ಲಿ ಇಲ್ಲದ ಫೈಲು ಗೊತ್ತೇ ಇಲ್ಲ. ಅದರ ಗೊಡವೆಗೆ ಹೋಗುವುದೂ ಇಲ್ಲ.

ಇನ್ನು ತಯಾರಿ. ಡಿಸೈನ್ ಫೈಲ್‌ಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿ. ‘ಆಪ್ಟ್-ಮಾರ್ಕ್ ಶೋಮ್ಯಾನುಯಲ್’ ಕೊಟ್ಟರೆ ನೀವು ಕರೆದವರ ಪೂರ್ತಿ ಪಟ್ಟಿ ಬರುತ್ತದೆ. ಅದನ್ನು ಒಂದು ಫೈಲಿಗೆ ಉಳಿಸಿ ಪೆನ್‌ಡ್ರೈವಿನಲ್ಲಿ ಇಡಿ. ಯುಪಿಎಸ್ ಬ್ಯಾಟರಿ ನೋಡಿ. ಪ್ಯಾಕೇಜ್ ತೆಗೆಯುವ ಮಧ್ಯದಲ್ಲಿ ಕರೆಂಟ್ ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹಾಗೇನಾದರೂ ಆದರೆ ಗಾಬರಿ ಬೇಡ. ಕಂಪ್ಯೂಟರ್ ಮತ್ತೆ ಶುರು ಮಾಡಿ, ‘ಸುಡೋ ಡಿಪಿಕೆಜಿ’ ಅಂತ ಹೊಡೆದು, ಎರಡು ಹೈಫನ್ ಕೂಡಿಸಿ ‘ಕಾನ್ಫಿಗರ್’, ಆಮೇಲೆ ಹೈಫನ್ ‘ಎ’ ಕೊಡಿ. ಅರ್ಧಕ್ಕೆ ನಿಂತದ್ದನ್ನು ಅದು ಮುಗಿಸುತ್ತದೆ. ಆದರೂ ನಾಳೆ ಬೆಳಿಗ್ಗೆ ಡೆಲಿವರಿ ಇರುವ ರಾತ್ರಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಈಗ ಬೂಟ್, ಅಂದರೆ ಕಂಪ್ಯೂಟರ್ ಶುರುವಾಗಲು ಬೇಕಾದ ಫೈಲ್‌ಗಳು ಇರುವ ಜಾಗ. ‘ಡಿಎಫ್ ಹೈಫನ್ ಎಚ್’ ಕೊಟ್ಟು ನೋಡಿ. ಪಟ್ಟಿಯಲ್ಲಿ ಬೂಟ್ ಅಂತ ಬೇರೆಯೇ ಸಾಲು ಬಂದಿದ್ದರೆ, ನಿಮಗೆ ಹಾಕಿಕೊಟ್ಟವರು ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಯೋ ಅಥವಾ ಅದೇ ಥರದ ಆಯ್ಕೆ ಒತ್ತಿಯೋ ಹಾಕಿದ್ದಾರೆ ಅಂತ ಅರ್ಥ. ಆ ಭಾಗ ಬಹಳ ಚಿಕ್ಕದು. ಆಗಿನ ಇನ್‌ಸ್ಟಾಲರ್ ಅದಕ್ಕೆ ಸುಮಾರು 700 ಎಂಬಿ ಕೊಡುತ್ತಿತ್ತು. ಒಂದೊಂದು ಕರ್ನಲ್ (ಉಬುಂಟುವನ್ನು ನಡೆಸುವ ಒಳಗಿನ ತಿರುಳು) ತನ್ನ ಸಂಗಡ ಇನಿಟ್‌ಆರ್‌ಡಿ ಅನ್ನುವ ದೊಡ್ಡ ಫೈಲನ್ನೂ ಅಲ್ಲಿ ಇಡುತ್ತದೆ. ಒಂದಕ್ಕೇ ನೂರು ಎಂಬಿಗೂ ಜಾಸ್ತಿ ಹೋಗಬಹುದು. ಐದಾರು ಕರ್ನಲ್ ಸೇರಿದರೆ ಮುಗಿಯಿತು. ಡಿಸ್ಕಿನ ಉಳಿದ ಭಾಗದಲ್ಲಿ 50 ಜಿಬಿ ಖಾಲಿ ಇದ್ದರೂ ಬೂಟ್‌ನಲ್ಲಿ ಜಾಗ ಇಲ್ಲ ಅಂತಲೇ ಬರುತ್ತದೆ. ಸೇದುವ ಬಾವಿ ತುಂಬಿದ್ದರೂ ಬಿಂದಿಗೆ ಚಿಕ್ಕದಿದ್ದ ಹಾಗೆ.

ಸರಿಯಾಗಿ ನಡೆದರೆ ಆಟೋರಿಮೂವ್ ಹಳೇ ಕರ್ನಲ್‌ಗಳನ್ನು ತೆಗೆದು, ಈಗ ಓಡುತ್ತಿರುವುದನ್ನೂ ಹೊಸದನ್ನೂ ಉಳಿಸುತ್ತದೆ. ಹಾಗಾದರೆ ನಿಮ್ಮಲ್ಲಿ ಯಾಕೆ ಉಳಿದವು? ಎರಡು ಕಾರಣ ಇರಬಹುದು. ಒಂದು, ಆಟೋರಿಮೂವ್ ಯಾರೂ ಕೊಟ್ಟೇ ಇಲ್ಲ. ಇನ್ನೊಂದು, ನನ್ನ ಅನುಭವದಲ್ಲಿ ಜಾಸ್ತಿ ಕಾಣುವುದು. ಎಂದೋ ಒಮ್ಮೆ ವೈಫೈ ಅಥವಾ ಡಿಸ್‌ಪ್ಲೇ ಸರಿಮಾಡಲು ಬಂದವರು ಕರ್ನಲ್ ಹೆಸರು ಹೇಳಿ ಕೈಯಿಂದ ಹಾಕಿರುತ್ತಾರೆ. ಹೆಸರು ಹೇಳಿ ಹಾಕಿದ್ದಕ್ಕೆ ಮ್ಯಾನುಯಲ್ ಗುರುತು ಬಿತ್ತು. ಕರೆದು ಬಂದವರನ್ನು ಆಟೋರಿಮೂವ್ ಎಂದೂ ಹೊರಗೆ ಕಳಿಸುವುದಿಲ್ಲ. ಅಲ್ಲೇ ಕೂತುಬಿಟ್ಟಿದೆ.

ಮೊದಲು ‘ಯುನೇಮ್ ಹೈಫನ್ ಆರ್’ ಕೊಡಿ. ಈಗ ಓಡುತ್ತಿರುವ ಕರ್ನಲ್‌ನ ಸಂಖ್ಯೆ ಬರುತ್ತದೆ. ಕಾಗದದ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಅದನ್ನು ಮುಟ್ಟುವ ಹಾಗಿಲ್ಲ. 20.04 ಬಂದಾಗ 5.4 ಕರ್ನಲ್ ಇತ್ತು. 22.04ಕ್ಕೆ 5.15. 24.04ಕ್ಕೆ 6.8. ನಿಮ್ಮಲ್ಲಿ 5.4 ಅಥವಾ 5.15ರದ್ದು ಇನ್ನೂ ಕೂತಿದ್ದರೆ ಅದು ಹೋಗಬೇಕಾದದ್ದೇ. ‘ಡಿಪಿಕೆಜಿ ಹೈಫನ್ ಎಲ್’ ಕೊಟ್ಟು ಬಂದ ಪಟ್ಟಿಯಲ್ಲಿ ‘ಲಿನಕ್ಸ್-ಇಮೇಜ್’ ಅಂತ ಶುರುವಾಗುವ ಸಾಲುಗಳನ್ನು ನೋಡಿ. ಸಾಲಿನ ಮೊದಲಲ್ಲಿ ‘ಐಐ’ ಅಂತಿದ್ದರೆ ಆ ಕರ್ನಲ್ ಇದೆ ಅಂತ. ಹೋಗಬೇಕಾದವುಗಳಿಗೆ ‘ಸುಡೋ ಆಪ್ಟ್-ಮಾರ್ಕ್ ಆಟೋ’ ಅಂತ ಬರೆದು ಮುಂದೆ ಅವುಗಳ ಪೂರ್ತಿ ಹೆಸರು ಕೊಡಿ. ಈಗ ಅವು ಬೀಗರ ಜೊತೆ ಬಂದವರ ಸಾಲಿಗೆ ಸೇರಿದವು.

ಆಮೇಲೆ ‘ಆಪ್ಟ್ ಆಟೋರಿಮೂವ್ ಹೈಫನ್ ಎಸ್’. ಈ ‘ಎಸ್’ ಬಹಳ ಒಳ್ಳೆಯದು. ಏನನ್ನೂ ತೆಗೆಯುವುದಿಲ್ಲ. ತೆಗೆದರೆ ಏನೇನು ಹೋಗುತ್ತದೆ ಅಂತ ತೋರಿಸುತ್ತದೆ, ಅಷ್ಟೇ. ಪಟ್ಟಿಯನ್ನು ಮೇಲಿಂದ ಕೆಳಗಿನ ತನಕ ಓದಿ. ಪ್ರೂಫ್ ನೋಡುವ ಕಣ್ಣಿನಿಂದ ಓದಿ. ಅದು ನಿಮಗೆ ಅಭ್ಯಾಸ ಇರುವ ಕೆಲಸ. ಬೇಕಾದ ಹೆಸರು ಕಂಡರೆ ಅದಕ್ಕೆ ಮ್ಯಾನುಯಲ್ ಗುರುತು ಹಾಕಿ, ಮತ್ತೆ ‘ಎಸ್’ ಕೊಟ್ಟು ನೋಡಿ. ಪಟ್ಟಿ ಸ್ವಚ್ಛ ಅನಿಸಿದ ಮೇಲೆ ‘ಎಸ್’ ಬಿಟ್ಟು, ಮುಂದೆ ಸುಡೋ ಹಾಕಿ ನಿಜವಾಗಿ ಕೊಡಿ.

ಎರಡು ಕರ್ನಲ್ ಇಟ್ಟುಕೊಳ್ಳಿ. ಓಡುತ್ತಿರುವುದು ಒಂದು, ಅದರ ಹಿಂದಿನದು ಒಂದು. ಹೊಸ ಕರ್ನಲ್ ಬಂದು ಡಿಸ್‌ಪ್ಲೇ ಹೋದರೆ ಕಂಪ್ಯೂಟರ್ ಶುರುವಾಗುವಾಗಿನ ಗ್ರಬ್ ಮೆನುವಿನಿಂದ ಹಿಂದಿನದಕ್ಕೆ ಹೋಗಿ ಅವತ್ತಿನ ಕೆಲಸ ಮುಗಿಸಬಹುದು. ಇನ್ನೊಂದು ಮಾತು. ‘ಲಿನಕ್ಸ್-ಜೆನೆರಿಕ್’ ಅಂತ ಸಂಖ್ಯೆ ಇಲ್ಲದ ಹೆಸರಿನ ಪ್ಯಾಕೇಜ್ ಕಂಡರೆ ತೆಗೆಯಬೇಡಿ. ಅದರ ಹೆಸರಿನ ಕೊನೆಗೆ ‘ಎಚ್‌ಡಬ್ಲ್ಯುಇ-24.04’ ಅಂತಲೂ ಇರಬಹುದು. ಹೊಸ ಕರ್ನಲ್ ಕರೆತರುವುದು ಅದೇ. ಅದು ಹೋದರೆ ಕರ್ನಲ್‌ನ ಭದ್ರತಾ ಅಪ್‌ಡೇಟ್ ಬರುವುದೇ ನಿಲ್ಲುತ್ತದೆ. ನಿಂತಿದೆ ಅಂತ ನಿಮಗೆ ಯಾರೂ ಹೇಳುವುದೂ ಇಲ್ಲ.

ಬೂಟ್ ಪೂರ್ತಿ ತುಂಬಿ ಒಂದು ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ, ಆಪ್ಟ್ ಯಾವ ಮಾತೂ ಕೇಳದೆ ಇರಬಹುದು. ‘ಅವಲಂಬನೆ ಸರಿಯಿಲ್ಲ’ ಅನ್ನುವುದನ್ನೇ ಹೇಳುತ್ತಿರುತ್ತದೆ. ಆಗ ಡಿಪಿಕೆಜಿಗೆ ನೇರ ಹೇಳಬೇಕು. ಎಲ್ಲಕ್ಕಿಂತ ಹಳೇ ಒಂದು ಕರ್ನಲ್ ಆರಿಸಿ. ಯುನೇಮ್ ತೋರಿಸಿದ್ದು ಇದಲ್ಲ ಅಂತ ಎರಡು ಸಲ ನೋಡಿ. ‘ಸುಡೋ ಡಿಪಿಕೆಜಿ’, ಎರಡು ಹೈಫನ್ ಕೂಡಿಸಿ ‘ಪರ್ಜ್’, ಆಮೇಲೆ ಪ್ಯಾಕೇಜ್ ಹೆಸರು. ಇದಕ್ಕೆ ಒಂದು ಕ್ರಮ ಇದೆ. ಆ ಸಂಖ್ಯೆಯ ‘ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ’ ಮೊದಲು, ‘ಲಿನಕ್ಸ್-ಇಮೇಜ್’ ಆಮೇಲೆ, ‘ಲಿನಕ್ಸ್-ಮಾಡ್ಯೂಲ್ಸ್’ ಕೊನೆಗೆ. ಒಂದಕ್ಕೊಂದು ಆತುಕೊಂಡಿರುವುದರಿಂದ ಮೇಲಿನದನ್ನು ಮೊದಲು ಇಳಿಸಬೇಕು. ಒಂದು ಕರ್ನಲ್ ಹೋದರೆ ಉಸಿರಾಡಲು ಜಾಗ ಆಗುತ್ತದೆ. ಆಗ ‘ಸುಡೋ ಆಪ್ಟ್ ಹೈಫನ್ ಎಫ್ ಇನ್‌ಸ್ಟಾಲ್’ ಕೊಟ್ಟು ಅರ್ಧಕ್ಕೆ ನಿಂತದ್ದನ್ನು ಮುಗಿಸಿ, ಆಮೇಲೆ ಆಟೋರಿಮೂವ್‌ಗೆ ಹೋಗಿ.

ಬೂಟ್ ಸಮಸ್ಯೆ ಇಲ್ಲಿಗೆ ಮುಗಿಯಿತು. ಈಗ ನಿಜವಾಗಿ ಹಳೇದಾದ ಪ್ಯಾಕೇಜುಗಳು.

20.04ರಿಂದ 24.04ರ ತನಕ ಬಂದ ಕಂಪ್ಯೂಟರ್‌ನಲ್ಲಿ, ಈಗ ಯಾವ ಉಗ್ರಾಣದಲ್ಲೂ (ಆಪ್ಟ್ ಪ್ಯಾಕೇಜ್ ಇಳಿಸಿಕೊಳ್ಳುವ ರೆಪಾಸಿಟರಿಯಲ್ಲೂ) ಸಿಗದ ಪ್ಯಾಕೇಜುಗಳು ಉಳಿದಿರುತ್ತವೆ. ಇವುಗಳಿಗೆ ಭದ್ರತಾ ತಿದ್ದುಪಡಿ ಬರುವುದಿಲ್ಲ. ನನಗೆ ಕಾಳಜಿ ಇರುವುದು ಇವುಗಳ ಬಗ್ಗೆ, ಜಾಗದ ಬಗ್ಗೆ ಅಲ್ಲ. ಇವನ್ನು ತೋರಿಸುವ ಕಮಾಂಡ್ ‘ಆಪ್ಟ್ ಲಿಸ್ಟ್’. ಅದರ ಮುಂದೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಟಿಲ್ಡೆ ಮತ್ತು ಇಂಗ್ಲಿಷಿನ ‘ಓ’ ಅಕ್ಷರ ಹಾಕಬೇಕು. ಟಿಲ್ಡೆ ಅಂದರೆ ಕೀಬೋರ್ಡಿನಲ್ಲಿ 1ರ ಎಡಕ್ಕಿರುವ ಅಲೆಯಂಥ ಗೆರೆ. 2020ರಲ್ಲಿ ಬಂದ ಆಪ್ಟ್ 2.0ರಿಂದ ಇದು ನಡೆಯುತ್ತದೆ.

ಪಟ್ಟಿ ಬಂದ ಕೂಡಲೇ ಎಲ್ಲವನ್ನೂ ತೆಗೆಯಲು ಹೋಗಬೇಡಿ. ದಯವಿಟ್ಟು. ಇದರಲ್ಲಿ ಮೂರು ಥರದವರು ಬೆರೆತಿರುತ್ತಾರೆ.

ಮೊದಲನೆಯದು ನಿಜವಾಗಿ ಹಳೇದು. ಉದಾಹರಣೆಗೆ ‘ಲಿಬ್‌ಎಸ್‌ಎಸ್‌ಎಲ್ 1.1’. ಇದು 20.04ರ ಕಾಲದ್ದು. ಓಪನ್‌ಎಸ್‌ಎಸ್‌ಎಲ್ ಯೋಜನೆಯವರು 1.1.1 ಆವೃತ್ತಿಗೆ ಬೆಂಬಲ ನಿಲ್ಲಿಸಿದ್ದು 2023ರ ಸೆಪ್ಟೆಂಬರಿನಲ್ಲಿ. ನಿಮ್ಮ 24.04 ಬಳಸುವುದು 3ನೇ ಸರಣಿಯನ್ನು. ಹಾಗೆಯೇ ಪೈಥಾನ್ 2. ಅದರ ಆಯುಷ್ಯ 2020ರ ಜನವರಿ 1ಕ್ಕೆ ಮುಗಿದಿದೆ. 24.04ರ ಉಗ್ರಾಣದಲ್ಲಿ ಅದು ಇಲ್ಲವೇ ಇಲ್ಲ. ಪೈಥಾನ್ 3.8, 3.10ರ ತುಣುಕುಗಳೂ ಕಾಣಬಹುದು. ಅವು ಹಿಂದಿನ ಎರಡು ಉಬುಂಟುಗಳವು. ಆದರೆ ಎಚ್ಚರ. ‘ಪೈಥಾನ್3’ ಅಂತ ಚುಕ್ಕೆ ಇಲ್ಲದ ಹೆಸರಿನ ಪ್ಯಾಕೇಜನ್ನು ಎಂದೂ ತೆಗೆಯಬೇಡಿ. ಡೆಸ್ಕ್‌ಟಾಪಿನ ಅರ್ಧ ಭಾಗ ಅದರ ಮೇಲೆ ನಿಂತಿದೆ. ಅದನ್ನು ತೆಗೆದು, ಬರೀ ಕಪ್ಪು ತೆರೆ ನೋಡುತ್ತಾ ನನ್ನ ಹತ್ತಿರ ಬಂದವರು ಒಬ್ಬಿಬ್ಬರಲ್ಲ.

ಎರಡನೆಯದು ಪಿಪಿಎಯಿಂದ, ಅಂದರೆ ಉಬುಂಟುವಿನದಲ್ಲದ ಹೊರಗಿನ ಉಗ್ರಾಣದಿಂದ ಬಂದದ್ದು. ಉಬುಂಟು ಏರಿಸುವಾಗ ಹೊರಗಿನ ಉಗ್ರಾಣಗಳನ್ನೆಲ್ಲ ಬಂದ್ ಮಾಡಿರುತ್ತದೆ. ಅಲ್ಲಿಂದ ಬಂದ ಪ್ಯಾಕೇಜುಗಳು ಅನಾಥವಾಗಿ ಇಲ್ಲಿ ಕಾಣುತ್ತವೆ. ಆ ಪ್ರೋಗ್ರಾಮ್ ಈಗಲೂ ಬೇಕಿದ್ದರೆ ಉಬುಂಟುವಿನದೇ ಪ್ರತಿ ಹಾಕಿಕೊಳ್ಳಿ. ಬೇಡವಾದರೆ ತೆಗೆಯಿರಿ.

ಮೂರನೆಯದೇ ನಿಮ್ಮ ಪ್ರಿಂಟರ್. ತಯಾರಕರ ವೆಬ್‌ಸೈಟಿನಿಂದ ಡೌನ್‌ಲೋಡ್ ಮಾಡಿ ಹಾಕಿದ ಡ್ರೈವರ್ ಯಾವ ಉಗ್ರಾಣದಲ್ಲೂ ಇರುವುದಿಲ್ಲ. ಅದಕ್ಕೆ ಈ ಪಟ್ಟಿಯಲ್ಲಿ ಬಂದೇ ಬರುತ್ತದೆ. ಆಪ್ಟ್‌ನ ಕಣ್ಣಿಗೆ ಅದೂ ಅನಾಥ. ನಿಮಗೆ ಅದು ಅನ್ನ ಕೊಡುವ ಪ್ಯಾಕೇಜ್. ನಿಮ್ಮ ಪ್ರಿಂಟರ್ ಕಂಪನಿಯ ಹೆಸರಿರುವ ಸಾಲುಗಳನ್ನು ಮೊದಲೇ ಗುರುತು ಹಾಕಿ ಬದಿಗಿಡಿ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪ್ರೆಸ್ಸಿನವರಿಗೆ ಇದು ಬಹಳ ಮುಖ್ಯ. ಪ್ಯಾಕೇಜ್ ಮಾಡಿದವರು ‘ನನಗೆ ಇಂಥಿಂಥ ಲೈಬ್ರರಿ (ಹಲವು ಪ್ರೋಗ್ರಾಮ್‌ಗಳು ಹಂಚಿಕೊಳ್ಳುವ ಕೋಡ್) ಬೇಕು’ ಅಂತ ಅದರೊಳಗೆ ಬರೆದಿರಬೇಕು. ಆಪ್ಟ್‌ಗೆ ಗೊತ್ತಾಗುವುದು ಆ ಬರಹದಿಂದ ಮಾತ್ರ. ಉಗ್ರಾಣದ ಪ್ಯಾಕೇಜುಗಳಲ್ಲಿ ಇದನ್ನು ಕಟ್ಟುನಿಟ್ಟಾಗಿ ಬರೆದಿರುತ್ತಾರೆ. ತಯಾರಕರು ಕೊಡುವ ಡ್ರೈವರ್‌ಗಳಲ್ಲಿ ಕೆಲವು ಸಲ ಬಿಟ್ಟುಬಿಟ್ಟಿರುತ್ತಾರೆ. ಆಗ ಡ್ರೈವರ್ ಒಂದು ಲೈಬ್ರರಿಯನ್ನು ದಿನಾ ಬಳಸುತ್ತಿರುತ್ತದೆ, ಆದರೆ ಆಪ್ಟ್‌ನ ಲೆಕ್ಕದಲ್ಲಿ ಆ ಲೈಬ್ರರಿ ಯಾರಿಗೂ ಬೇಡ. ಆಟೋರಿಮೂವ್ ಅದನ್ನು ಕಳಿಸಿಬಿಡುತ್ತದೆ. ಮರುದಿನ ಪ್ರಿಂಟ್ ಕೊಟ್ಟರೆ ಕೆಲಸ ಸಾಲಿನಲ್ಲಿ ನಿಂತು, ‘ಫಿಲ್ಟರ್ ಫೇಲ್’ ಅಂತ ಬರುತ್ತದೆ. ಹಳೇ ಡ್ರೈವರ್‌ಗಳಲ್ಲಿ ಇನ್ನೂ 32 ಬಿಟ್‌ನವು ಇವೆ. ಅವಕ್ಕೆ 32 ಬಿಟ್‌ನ ಲೈಬ್ರರಿಗಳು ಬೇಕು. ಅವುಗಳ ಹೆಸರಿನ ಕೊನೆಗೆ ‘ಐ386’ ಅಂತ ಇರುತ್ತದೆ. ಒಂದೇ ಹೆಸರು ಎರಡು ಸಲ ಇದೆಯಲ್ಲ, ಒಂದು ತೆಗೆಯೋಣ ಅಂತ ಅನಿಸುತ್ತದೆ. ತೆಗೆಯಬೇಡಿ. ಆಟೋರಿಮೂವ್‌ನ ಪಟ್ಟಿಯಲ್ಲಿ ‘ಐ386’ನವು ಬಂದರೆ, ಅವುಗಳಿಗೆಲ್ಲ ಮ್ಯಾನುಯಲ್ ಗುರುತು ಹಾಕಿ ಉಳಿಸಿಕೊಳ್ಳುವುದೇ ಪ್ರೆಸ್ಸಿಗೆ ಒಳ್ಳೆಯದು. ಕೆಲವು ಎಂಬಿ ಜಾಗ ಹೋದರೆ ಹೋಗಲಿ.

ಹೆಸರಿನ ಗೊಂದಲ ಇನ್ನೊಂದು. 24.04ರಲ್ಲಿ ಬಹಳ ಲೈಬ್ರರಿಗಳ ಹೆಸರಿನ ಕೊನೆಗೆ ‘ಟಿ64’ ಅಂತ ಸೇರಿದೆ. ಇದು ವೈರಸ್ ಅಲ್ಲ, ನಕಲೂ ಅಲ್ಲ. 32 ಬಿಟ್‌ನಲ್ಲಿ ಎಣಿಸುವ ಸಮಯ 2038ರ ಜನವರಿ 19ಕ್ಕೆ ತುಂಬಿ ಹೋಗುತ್ತದೆ. ಅದನ್ನು 64 ಬಿಟ್‌ಗೆ ಬದಲಿಸುವಾಗ ಡೆಬಿಯನ್, ಉಬುಂಟುದವರು ಆ ಲೈಬ್ರರಿಗಳ ಪ್ಯಾಕೇಜ್ ಹೆಸರನ್ನೂ ಬದಲಿಸಿದರು. ನಿಮ್ಮದು 64 ಬಿಟ್ ಕಂಪ್ಯೂಟರೇ ಆದರೂ ಹೆಸರು ಮಾತ್ರ ಹಾಗೇ ಬಂದಿದೆ. ಟಿ64 ಇರುವುದೇ ಹೊಸದು. ಅದನ್ನು ಮುಟ್ಟಬೇಡಿ.

ಪಟ್ಟಿಯಲ್ಲಿ ಯಾವುದರ ಮೇಲಾದರೂ ಅನುಮಾನ ಬಂದರೆ ಕೇಳಲು ಒಂದು ಚಂದದ ಉಪಾಯ ಇದೆ. ‘ಆಪ್ಟಿಟ್ಯೂಡ್’ ಅನ್ನುವ ಪ್ರೋಗ್ರಾಮ್ ಹಾಕಿಕೊಳ್ಳಿ. ‘ಆಪ್ಟಿಟ್ಯೂಡ್ ವೈ’ ಅಂತ ಬರೆದು ಪ್ಯಾಕೇಜ್ ಹೆಸರು ಕೊಡಿ. ಇಲ್ಲಿ ‘ವೈ’ ಅಂದರೆ ಡಬ್ಲ್ಯು-ಎಚ್-ವೈ, ಯಾಕೆ ಅಂತ. ಈ ಪ್ಯಾಕೇಜ್ ಇಲ್ಲಿ ಯಾಕಿದೆ, ಯಾರು ಕರೆದರು, ಅವರನ್ನು ಯಾರು ಕರೆದರು ಅಂತ ಪೂರ್ತಿ ವಂಶಾವಳಿ ಹೇಳುತ್ತದೆ. ಯಾರೂ ಕರೆದಿಲ್ಲ ಅಂತ ಬಂದರೆ, ಮತ್ತು ಅದು ನೀವು ಬಳಸುವ ಪ್ರೋಗ್ರಾಮ್ ಅಲ್ಲದಿದ್ದರೆ, ‘ಸುಡೋ ಆಪ್ಟ್ ರಿಮೂವ್’ ಅಂತ ಒಂದೊಂದಾಗಿ ತೆಗೆಯಿರಿ. ಹತ್ತು ಹೆಸರು ಒಟ್ಟಿಗೆ ಕೊಡಬೇಡಿ. ಪ್ರತಿ ಸಲ ‘ವೈ’ ಒತ್ತುವ ಮೊದಲು, ತೆಗೆಯಲಾಗುವವು ಅನ್ನುವ ಸಾಲಿನ ಕೆಳಗೆ ಎಷ್ಟು ಹೆಸರಿವೆ ನೋಡಿ. ನೀವು ಒಂದು ಹೇಳಿದ್ದು, ಅದು ನಲವತ್ತು ತೋರಿಸುತ್ತಿದೆ ಅಂದರೆ ‘ಎನ್’ ಒತ್ತಿ ಹೊರಗೆ ಬನ್ನಿ. ‘ಉಬುಂಟು-ಡೆಸ್ಕ್‌ಟಾಪ್’, ‘ಜಿಡಿಎಂ3’, ‘ಸಿಯುಪಿಎಸ್’ ಈ ಹೆಸರು ಅಲ್ಲಿ ಕಂಡರಂತೂ ತಕ್ಷಣ ಹೊರಗೆ ಬನ್ನಿ. ಕೊನೆಯದು ಪ್ರಿಂಟಿಂಗ್ ನಡೆಸುವ ವ್ಯವಸ್ಥೆಯೇ.

ರಿಮೂವ್ ಮತ್ತು ಪರ್ಜ್ ಎರಡಕ್ಕೂ ವ್ಯತ್ಯಾಸ ಇದೆ. ರಿಮೂವ್ ಪ್ರೋಗ್ರಾಮ್ ತೆಗೆದು ಸೆಟ್ಟಿಂಗ್ ಫೈಲ್ ಉಳಿಸುತ್ತದೆ. ಪರ್ಜ್ ಅದನ್ನೂ ಅಳಿಸುತ್ತದೆ. ಹಾಗೆ ಉಳಿದವು ಡಿಪಿಕೆಜಿ ಪಟ್ಟಿಯಲ್ಲಿ ‘ಆರ್‌ಸಿ’ ಅಂತ ಕಾಣುತ್ತವೆ. ಅವು ತಗೊಳ್ಳುವ ಜಾಗ ಬಹಳ ಕಡಿಮೆ. ಇದ್ದರೆ ಇರಲಿ. ನಿಮ್ಮ ಬಿಲ್ಲಿಂಗ್ ಪ್ರೋಗ್ರಾಮ್ ಮೈಎಸ್‌ಕ್ಯುಎಲ್ ಅಥವಾ ಪೋಸ್ಟ್‌ಗ್ರೆಸ್ ಬಳಸುತ್ತಿದ್ದರೆ ಆ ಹೆಸರುಗಳ ಮೇಲೆ ಪರ್ಜ್ ಕೊಡಲೇಬೇಡಿ. ಸೆಟ್ಟಿಂಗ್ ಜೊತೆ ಗ್ರಾಹಕರ ಲೆಕ್ಕವೂ ಹೋದೀತು.

120 ಜಿಬಿ ತುಂಬಿದ್ದಕ್ಕೆ ಪ್ಯಾಕೇಜುಗಳು ಕಾರಣ ಅಂತ ನನಗೆ ಅನಿಸುವುದಿಲ್ಲ. ‘ಡಿಸ್ಕ್ ಯೂಸೇಜ್ ಅನಲೈಸರ್’ ತೆರೆದು ನೋಡಿ. ಪ್ರೆಸ್ಸುಗಳಲ್ಲಿ ನಾನು ಕಂಡ ಹಾಗೆ, ದೊಡ್ಡ ಪಾಲು ಕಸದಬುಟ್ಟಿಯಲ್ಲೇ ಇರುತ್ತದೆ. ಅಳಿಸಿದ ಟಿಫ್ ಫೈಲುಗಳು, ಹಳೇ ಪಿಡಿಎಫ್‌ಗಳು. ‘ಸುಡೋ ಆಪ್ಟ್ ಕ್ಲೀನ್’ ಕೊಡಿ. ಇಳಿಸಿಕೊಂಡ ಪ್ಯಾಕೇಜ್ ಕಡತಗಳನ್ನು ಮಾತ್ರ ಅಳಿಸುತ್ತದೆ, ಯಾವ ಪ್ರೋಗ್ರಾಮಿಗೂ ತೊಂದರೆ ಇಲ್ಲ. ಈಗಿನ ಆಪ್ಟ್ ಅವನ್ನು ತಾನೇ ಅಳಿಸುತ್ತದೆ. ಆದರೆ ಆಪ್ಟ್-ಗೆಟ್ ಬಳಸುವ ರೂಢಿ ಇದ್ದರೆ ಉಳಿದಿರುತ್ತವೆ. ಸಿಸ್ಟಮ್ ಲಾಗ್ ದೊಡ್ಡದಾಗಿದ್ದರೆ ‘ಜರ್ನಲ್‌ಸಿಟಿಎಲ್’ನಿಂದ ಕಡಿಮೆ ಮಾಡಬಹುದು.

ಸ್ನ್ಯಾಪ್ ಮಾತ್ರ ನೋಡಲೇಬೇಕು. 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿಯೇ ಬರುತ್ತದೆ. ಸ್ನ್ಯಾಪ್ ಹೊಸ ಆವೃತ್ತಿ ಬಂದ ಮೇಲೂ ಹಳೇದನ್ನು ಇಟ್ಟುಕೊಂಡಿರುತ್ತದೆ. ಕೆಟ್ಟರೆ ಹಿಂದಕ್ಕೆ ಹೋಗಲಿ ಅಂತ. ಒಂದೊಂದು ನೂರಾರು ಎಂಬಿ. ‘ಸ್ನ್ಯಾಪ್ ಲಿಸ್ಟ್’ ಕೊಟ್ಟು, ಎರಡು ಹೈಫನ್ ಕೂಡಿಸಿ ‘ಆಲ್’ ಸೇರಿಸಿದರೆ ಎಲ್ಲ ಬರುತ್ತವೆ. ಸಾಲಿನ ಕೊನೆಗೆ ‘ಡಿಸೇಬಲ್ಡ್’ ಅಂತ ಇದ್ದದ್ದು ಹಳೇ ಪ್ರತಿ. ಅದರ ರಿವಿಷನ್ ಸಂಖ್ಯೆ ನೋಡಿ ಅದೊಂದನ್ನೇ ತೆಗೆಯಬಹುದು. ‘ಸುಡೋ ಸ್ನ್ಯಾಪ್ ರಿಮೂವ್’, ಹೆಸರು, ಆಮೇಲೆ ಎರಡು ಹೈಫನ್ ಕೂಡಿಸಿ ‘ರಿವಿಷನ್’, ಸಮ ಚಿಹ್ನೆ, ಸಂಖ್ಯೆ. ಸಂಖ್ಯೆ ಕೊಡದೆ ಹೋದರೆ ಪೂರ್ತಿ ಪ್ರೋಗ್ರಾಮೇ ಹೋಗುತ್ತದೆ, ಜೋಪಾನ.

ಧಾರವಾಡದಲ್ಲಿ ಓದುವ ಹುಡುಗರು ಕೆಲವರು ಫೆಡೋರಾ, ಫ್ರೀಬಿಎಸ್‌ಡಿ ಥರದ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು ಇದೇ ಪ್ರಶ್ನೆ ಕೇಳುತ್ತಿರುತ್ತಾರೆ. ಅಲ್ಲೂ ಕರೆದು ಬಂದವರು, ಜೊತೆಗೆ ಬಂದವರು ಅನ್ನುವ ಲೆಕ್ಕವೇ. ಫೆಡೋರಾದಲ್ಲಿ ‘ಡಿಎನ್‌ಎಫ್ ಆಟೋರಿಮೂವ್’, ಫ್ರೀಬಿಎಸ್‌ಡಿಯಲ್ಲಿ ‘ಪಿಕೆಜಿ ಆಟೋರಿಮೂವ್’, ಓಪನ್‌ಬಿಎಸ್‌ಡಿಯಲ್ಲಿ ‘ಪಿಕೆಜಿ ಅಂಡರ್‌ಸ್ಕೋರ್ ಡಿಲೀಟ್ ಹೈಫನ್ ಎ’. ಹೆಸರು ಬೇರೆ, ಓದಿ ಒತ್ತಬೇಕು ಅನ್ನುವುದು ಒಂದೇ.

ಎಲ್ಲ ಆದ ಮೇಲೆ ರೀಸ್ಟಾರ್ಟ್ ಮಾಡಿ. ಎರಡು ಪರೀಕ್ಷೆ ಮಾಡಿ. ಹಳೇ ಲಗ್ನಪತ್ರಿಕೆಯ ಫೈಲೊಂದನ್ನು ತೆರೆದು, ಹಿಂದೆ ಮುದ್ರಿಸಿದ ಕಾಗದದ ಪಕ್ಕ ಹಿಡಿದು ಸಾಲು ಸಾಲಾಗಿ ಹೋಲಿಸಿ. ಡಬ್ಬಿ ಕಾಣದಿದ್ದರೆ ಸಾಲದು. ಫಾಂಟ್ ಒಂದು ಹೋಗಿ ಇನ್ನೊಂದು ಬಂದಿದ್ದರೆ ಅಕ್ಷರ ಕಾಣುತ್ತದೆ, ಆದರೆ ಒತ್ತಕ್ಷರದ ಅಗಲ ಬದಲಾಗಿ ಸಾಲು ಮುರಿಯುವ ಜಾಗ ಬೇರೆ ಆಗಿರುತ್ತದೆ. ಆಮೇಲೆ ಅದನ್ನೇ ಪ್ರಿಂಟ್ ಕೊಡಿ.

ಏನಾದರೂ ಕಾಣೆಯಾಗಿದ್ದರೆ ಅದರ ದಾಖಲೆ ಇದೆ. ‘ವಾರ್’ ಫೋಲ್ಡರಿನೊಳಗೆ ‘ಲಾಗ್’, ಅದರೊಳಗೆ ‘ಆಪ್ಟ್’, ಅಲ್ಲಿ ‘ಹಿಸ್ಟರಿ.ಲಾಗ್’ ಅನ್ನುವ ಫೈಲ್. ಯಾವ ದಿನ, ಯಾವ ಹೊತ್ತಿಗೆ, ಯಾವ ಕಮಾಂಡಿನಿಂದ ಏನೇನು ಹೋಯಿತು ಅಂತ ಹೆಸರು ಸಮೇತ ಬರೆದಿರುತ್ತದೆ. ಅಲ್ಲಿಂದ ಹೆಸರು ನೋಡಿ ‘ಆಪ್ಟ್ ಇನ್‌ಸ್ಟಾಲ್’ ಕೊಟ್ಟರೆ ವಾಪಸ್ ಬರುತ್ತದೆ. ಟಿಲ್ಡೆ-ಓ ಪಟ್ಟಿಯಲ್ಲಿದ್ದವು ಮಾತ್ರ ಉಗ್ರಾಣದಲ್ಲಿ ಸಿಗುವುದಿಲ್ಲ. ಅವುಗಳಲ್ಲಿ ನಿಮಗೆ ಬೇಕಾದದ್ದು ಪ್ರಿಂಟರ್ ಡ್ರೈವರ್. ಅದರ ಮೂಲ ಕಡತ, ಅಂದರೆ ಕೊನೆಗೆ ‘ಡೆಬ್’ ಅಂತ ಇರುವ ಫೈಲು, ನಿಮ್ಮ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇದೆಯಾ ಅಂತ ಇವತ್ತೇ ನೋಡಿ. ಇಲ್ಲದಿದ್ದರೆ ಕೆಲಸ ಶುರು ಮಾಡುವ ಮೊದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಟಿಲ್ಡೆ-ಓ ಪಟ್ಟಿಯಲ್ಲಿ ಏನು ಮಾಡಬೇಕೋ ತಿಳಿಯದ ಹೆಸರು ಉಳಿದರೆ, ಆ ಸಾಲುಗಳನ್ನು ಪ್ರಿಂಟರ್ ಮಾಡೆಲ್ ಸಮೇತ ನನಗೆ ಕಳಿಸಿ. ನೋಡಿ ಹೇಳುತ್ತೇನೆ. ಅಲ್ಲಿಯ ತನಕ ಅವು ಇದ್ದಲ್ಲೇ ಇರಲಿ.